ಚೋಕಿನ ಜೋಡಿ

ಬನಹಟ್ಟಿಯ ನಮ್ಮ ಮಗ್ಗದ ಶೆಡ್ಡಿಗೆ ಲೈಟು ರಿಪೇರಿಗೆ ಬರುತ್ತಿದ್ದವನು ಟ್ಯೂಬನ್ನು ಮೊದಲು ಮುಟ್ಟುತ್ತಲೇ ಇರಲಿಲ್ಲ. ಲೈಟಿನ ಪಟ್ಟಿ ಬಿಚ್ಚಿ, ಟ್ಯೂಬಿಗೆ ಬೇಕಾದಷ್ಟೇ ಕರೆಂಟು ಬಿಡುವ ಚೋಕಿನ ಮೇಲಿನ ಧೂಳನ್ನು ಹೆಬ್ಬೆರಳಿನಿಂದ ಒರೆಸಿ, ಅದು ಯಾವ ಅಳತೆಯ ಟ್ಯೂಬಿನದೆಂದು ಅದರ ಮೇಲೆ ಬರೆದದ್ದನ್ನು ಓದುತ್ತಿದ್ದ. ಯಾರು ಎಷ್ಟೇ ಅವಸರ ಮಾಡಿದರೂ ಅವನದು ಒಂದೇ ಮಾತು: “ಜೋಡಿ ಕೂಡಬೇಕ್ರಿ.”

ಒಮ್ಮೆ ಶೆಡ್ಡಿನ ಸಾವಕಾರರು ಎರಡು ಫೂಟಿನ ಟ್ಯೂಬುಗಳನ್ನು ತಂದು, ಅವನ್ನು ಹಳೆಯ ನಾಲ್ಕು ಫೂಟಿನ ಚೋಕುಗಳಿಗೇ ಹಾಕು ಎಂದರು.

“ಹಾಕಂಗಿಲ್ರಿ,” ಎಂದ ಅವನು ಏಣಿಯ ಮೇಲಿಂದಲೇ. “ಈಗ ಹತ್ತತಾವು. ನಾಕ ದಿನಕ್ಕ ತುದಿ ಕರ್ರಗಾಗಿ ಮಿಣಕ್ ಮಿಣಕ್ ಅಂತಾವು. ನೇಯವರ ಕಣ್ಣ ಹೋಗತಾವು.”

“ಹತ್ತಿದ್ರ ಸಾಕೋ! ಹಾಕೂದಾದ್ರ ಹಾಕು, ಇಲ್ಲಾಂದ್ರ ನಾಳಿಂದ ಈ ಕಡೆ ಬರಬ್ಯಾಡ.”

ನಾನು ಮಗ್ಗ ನಿಲ್ಲಿಸಿದೆ. ಪಕ್ಕದವರೂ ನಿಲ್ಲಿಸಿದರು. ಅವನು ಕೆಳಗಿಳಿದು ಬಂದ.

ಸಾವಕಾರರ ಮೇಜಿನ ಮೇಲೆ ಹೊಸ ಸೀರೆಗೆಂದು ಆರಿಸಿದ ಹಸಿರು ನೂಲಿತ್ತು. ಅದರ ಅಂಚಿಗೆ ಒಪ್ಪುವ ದಡಿಯ ಬಣ್ಣಕ್ಕಾಗಿ ಅವರು ಬೆಳಿಗ್ಗೆಯಿಂದ ಒಂದೊಂದೇ ನೂಲಿನ ಲಡಿಯನ್ನು ಬಾಗಿಲ ಬೆಳಕಿಗೆ ಹಿಡಿದು ನೋಡಿ, ಬೇಡವಾದದ್ದನ್ನು ನೆಲಕ್ಕೆಸೆದಿದ್ದರು. ಹಾಗೆ ಬಿದ್ದಿದ್ದ ಮಾಸಲು ಬೂದು ಲಡಿಯೊಂದನ್ನು ಅವನು ಎತ್ತಿ, ಝಾಡಿಸಿ, ಆ ಹಸಿರಿನ ಪಕ್ಕ ಇಟ್ಟ.

“ಇದನ್ನ ದಡಿ ಹಾಕ್ರಿ, ಸಾವಕಾರ್ರ,” ಎಂದ, ಏಣಿಯನ್ನು ಹೆಗಲಿಗೇರಿಸುತ್ತ. “ಉಟ್ಕೊಳ್ಳಾಕ ಬಂದ್ರ ಸಾಕಲ್ರಿ!”