ಎರಿ ಸೀಮೆಯವನು ಗುಡ್ಡಕ್ಕೆ ಅಳಿಯನಾದದ್ದು

ಹೆಂಡತಿಯ ಮನೆಯಲ್ಲಿ ಮೊದಲ ದಿನ ಬೆಳಿಗ್ಗೆ ಮುಖ ತೊಳೆಯಲು ಹಿತ್ತಲಿಗೆ ಹೋದವನು ತಂಬಿಗೆಯನ್ನು ಅಲ್ಲೇ ಬಿಟ್ಟು ಒಳಗೆ ಓಡಿ ಬಂದೆ. ನಮ್ಮೂರಿನ ಚಾವಡಿಯಷ್ಟು ದೊಡ್ಡ ಕಲ್ಲೊಂದು ಇನ್ನೊಂದು ಕಲ್ಲಿನ ತುದಿಯ ಮೇಲೆ, ಅಂಗೈಯಗಲದ ಜಾಗದಲ್ಲಿ, ಮನೆಯ ಕಡೆಗೇ ಬಾಗಿ ನಿಂತಿತ್ತು. ಅದರ ಹಿಂದೆ ಮತ್ತೊಂದು, ಅದರ ಮೇಲೆ ಮತ್ತೊಂದು. ಕತ್ತೆತ್ತಿ ನೋಡಿದಷ್ಟೂ ಕಲ್ಲೇ.

“ಮಾವಾರ, ಇದು ಬೀಳೂದಿಲ್ಲೇನ್ರಿ?” ಎಂದೆ.

ಮಾವ ಹನುಮಂತಪ್ಪ ಬೇವಿನ ಕಡ್ಡಿಯನ್ನು ಬಾಯಿಂದ ತೆಗೆದು ಕಲ್ಲನ್ನೊಮ್ಮೆ ನೋಡಿದರು, ನನ್ನನ್ನೊಮ್ಮೆ ನೋಡಿದರು. “ನಮ್ಮ ಮುತ್ತ್ಯಾನ ಕಾಲದಾಗಿಂದ ಬಿದ್ದಿಲ್ರಿ ಅಳ್ಯಾರ. ಇವತ್ತ ಬಿದ್ರ ನಿಮ್ಮ ಕಾಲ್ಗುಣ ಅಂತೀವಿ.”

ಎಲ್ಲರೂ ನಕ್ಕರು. ನಾನೂ ನಕ್ಕೆ. ಆದರೆ ಎಷ್ಟೋ ದಿನ ತಲೆಬಾಗಿಲ ಹತ್ತಿರವೇ ಕುಳಿತು ಉಂಡೆ, ಕಲ್ಲು ಉರುಳಿದರೆ ಹೊರಗೆ ಜಿಗಿಯಲು.

ನವಲಗುಂದದ ಕಡೆಯ ನಮ್ಮ ಜನಕ್ಕೆ ಇದನ್ನು ಹೇಗೆ ತಿಳಿಸಿ ಬರೆಯಲಿ? ನಮ್ಮದು ಎರಿ ಭೂಮಿ, ಕಪ್ಪು ಮಣ್ಣಿನ ಬಯಲು. ಕುಡುಗೋಲು ಮಸೆಯಲು ಕಲ್ಲು ಬೇಕೆಂದರೂ ಸಂತೆಯಿಂದ ತರಬೇಕು. ಹುಟ್ಟಿದಾಗಿನಿಂದ ನಾನು ಹತ್ತಿದ ಎತ್ತರವೆಂದರೆ ನಮ್ಮ ಮನೆಯ ಮಾಳಿಗೆ. ಅದಕ್ಕಿಂತ ಮೇಲೆ ಹೋದರೆ ನನ್ನ ತಲೆ ತಿರುಗುತ್ತದೆ ಎಂಬುದು ಇಲ್ಲಿಗೆ ಬರುವವರೆಗೆ ನನಗೇ ಗೊತ್ತಿರಲಿಲ್ಲ.

ನನ್ನ ಅತ್ತೆ ನಮ್ಮ ಕಡೆಯವರೇ, ಅವ್ವನಿಗೆ ದೂರದ ಸಂಬಂಧ. ಗಂಗಾವತಿಯ ಆಚೆ, ಗುಡ್ಡದ ಬುಡದ ಈ ಸಣ್ಣ ಊರಿಗೆ ಅವರನ್ನು ಕೊಟ್ಟಿದ್ದರು. ಒಬ್ಬಳೇ ಮಗಳು ಹುಲಿಗೆವ್ವ. ಕಾಲುವೆ ನೀರಿನ ಗದ್ದೆ ಇತ್ತು, ನೋಡಿಕೊಳ್ಳಲು ಗಂಡುಮಗನಿರಲಿಲ್ಲ. ನಾವು ನಾಲ್ವರು ಅಣ್ಣತಮ್ಮಂದಿರು. ಎಲ್ಲರ ಮನೆಯಲ್ಲೂ ಹೆಣ್ಣುಮಕ್ಕಳನ್ನು ಕೊಟ್ಟು ಕಳಿಸುತ್ತಾರೆ, ನಮ್ಮ ಮನೆಯಲ್ಲಿ ನನ್ನನ್ನು ಕೊಟ್ಟು ಕಳಿಸಿದರು. ಎರಡನೆಯ ಮಹಾಯುದ್ಧ ಶುರುವಾಗುವುದಕ್ಕೆ ಒಂದು ವರ್ಷ ಮುಂಚಿನ ಮಾತು. ಗದಗಿನಲ್ಲಿ ರೈಲು ಹತ್ತಿದೆ. ತಳಕಲ್ ದಾಟುವವರೆಗೂ ಕಿಟಕಿಯಾಚೆ ನನ್ನ ಕಪ್ಪು ನೆಲವೇ ಜೊತೆಗೆ ಬಂತು. ಕೊಪ್ಪಳದ ಹತ್ತಿರ ಗುಡ್ಡಗಳು ಎದ್ದು ನಿಂತವು. ಅಲ್ಲಿ ಕರೋಡಗಿರಿಯವರು, ಅಂದರೆ ನಿಜಾಮರ ಸರಹದ್ದಿನ ಸುಂಕದವರು, ನನ್ನ ಗಂಟು ಬಿಚ್ಚಿಸಿ ಅವ್ವ ಕಟ್ಟಿಕೊಟ್ಟ ರೊಟ್ಟಿಯನ್ನೂ ತಿರುವಿ ನೋಡಿದರು.

ಮಾತು ಕನ್ನಡವೇ. ಆದರೂ ಹೆಜ್ಜೆಹೆಜ್ಜೆಗೆ ಎಡವಿದೆ. ಬಂದ ಹೊಸದರಲ್ಲಿ ನೆರೆಯ ಮುದುಕಿಯೊಬ್ಬಳು, “ದಣದೀರಿ, ಬಂಡಿ ಮ್ಯಾಲ ಕುಂದರ್ರಿ” ಎಂದಳು. ನಾನು ಎತ್ತಿನ ಬಂಡಿ ಎಲ್ಲಿದೆ ಎಂದು ಸುತ್ತ ಹುಡುಕಿದೆ. ಇವರಿಗೆ ಬಂಡೆಗಲ್ಲೂ ಬಂಡಿಯೇ. ನಮ್ಮಲ್ಲಿ ಮುಲ್ಕಿ ಎಂದರೆ ಏಳನೆಯ ಇಯತ್ತೆಯ ಪರೀಕ್ಷೆ. ಇಲ್ಲಿ ಮುಲ್ಕಿ ಎಂದರೆ ಈ ನೆಲದವನು, ಹೊರಗಿನವನು ಗೈರಮುಲ್ಕಿ. ಹಾಗಾಗಿ ನಾನು ಮುಲ್ಕಿ ಪಾಸಾದ ಗೈರಮುಲ್ಕಿ! ಸರಕಾರದ ಕಾಗದವೆಲ್ಲ ಉರ್ದುವಿನಲ್ಲಿ. ಓದು ಬಲ್ಲ ಅಳಿಯನೆಂದು ತಂದುಕೊಟ್ಟವರ ಮುಂದೆ ತಲೆ ತಗ್ಗಿಸಬೇಕಾಗುತ್ತಿತ್ತು. ನಮಗೆ ಹಬ್ಬದ ಊಟವಾದ ಅನ್ನ ಇಲ್ಲಿ ದಿನವೂ. ಉಂಡ ಸ್ವಲ್ಪ ಹೊತ್ತಿಗೇ ಮತ್ತೆ ಹಸಿವು. ನನ್ನ ಮುಖ ನೋಡಿಯೇ ಅತ್ತೆ ಕೆಲವು ದಿನ ಎರಡು ರೊಟ್ಟಿ ಬಡಿದು ಬೇರೆ ಇಡುತ್ತಿದ್ದರು. ಅವರೂ ಒಂದು ಕಾಲಕ್ಕೆ ಹೀಗೆ ಹಸಿದವರಲ್ಲವೆ?

ಕಷ್ಟವೆಂದರೆ ಗುಡ್ಡದ್ದು. ಇಲ್ಲಿ ಎಲ್ಲವೂ ಮೇಲೆ. ಕಟ್ಟಿಗೆ ಮೇಲೆ, ಮೇವು ಮೇಲೆ, ಹಣ್ಣು ಮೇಲೆ, ದೇವರೂ ಮೇಲೆ. ಹುಲಿಗೆವ್ವ ಪಡಸಾಲೆಯಿಂದ ಅಡುಗೆಮನೆಗೆ ಹೋದಷ್ಟು ಸಲೀಸಾಗಿ ಗುಡ್ಡ ಹತ್ತುತ್ತಿದ್ದಳು. ನನಗೆ ಎಲ್ಲವನ್ನೂ ತೋರಿಸಬೇಕೆಂಬ ಹಂಬಲ ಅವಳಿಗೆ. ಬೇಸಿಗೆಯಲ್ಲೂ ನೀರು ಆರದ ದೊಣೆಗಳನ್ನು ತೋರಿಸಿದಳು. ದೊಣೆ ಎಂದರೆ ಕಲ್ಲಿನ ನಡುವಿನ ಕೊಳ. ಗವಿಯ ಗೋಡೆಯಲ್ಲಿ ಯಾವ ಕಾಲದವರೋ ಕೆಂಪು ಬಣ್ಣದಲ್ಲಿ ಬರೆದ ದನಕರುಗಳನ್ನು ತೋರಿಸಿದಳು. ತೆಳು ಚಪ್ಪಡಿ ನಿಲ್ಲಿಸಿ, ಮೇಲೊಂದು ಚಪ್ಪಡಿ ಹೊದಿಸಿದ ಗಿಡ್ಡ ಮನೆಗಳ ಸಾಲಿನ ಮುಂದೆ ನಿಂತು, “ಇವು ಮೋರ್ಯಾರ ಮನಿ. ಅವರು ಮೊಣಕಾಲೆತ್ತರದ ಮಂದಿ ಇದ್ರಂತ” ಎಂದಳು.

ಅವಳು ನಿಂತು ನೋಡುತ್ತಿದ್ದಳು, ನಾನು ಅಂಬೆಗಾಲಿಕ್ಕಿ ನೋಡುತ್ತಿದ್ದೆ. ಕಣ್ಣು ತೆರೆದರೆ ತಲೆ ಗಿರ್ರನೆ ತಿರುಗುವುದು, ಮುಚ್ಚಿದರೆ ಬಿದ್ದೇ ಬಿಟ್ಟೆ ಎನಿಸುವುದು. “ಕೆಳಗ ನೋಡಬ್ಯಾಡ್ರಿ. ನನ್ನ ಹಿಮ್ಮಡಿ ನೋಡ್ಕೊಂತ ಬರ್ರಿ” ಎನ್ನುತ್ತಿದ್ದಳು. ಮನೆಗೆ ತಡವಾಗಿ ಬಂದಾಗ ಅಪ್ಪನಿಗೆ, “ನನ್ನ ಸೀರಿ ಮುಳ್ಳಿಗೆ ಸಿಕ್ಕಿತ್ತು” ಎಂದು ಹೇಳುತ್ತಿದ್ದಳು. ಗಂಡ ಹೆದರುಪುಕ್ಕಲ ಎಂದು ಅವಳ ಬಾಯಿಂದ ಊರಿಗೆ ಗೊತ್ತಾಗಲಿಲ್ಲ.

ಎರಡನೆಯ ವರ್ಷ ದಸರೆ ಮುಗಿದ ಮೇಲೆ ಸೀತಾಫಲ ಕೀಳಲು ಇಬ್ಬರೇ ಹೋದೆವು. ಮಧ್ಯಾಹ್ನ ವಾಲುತ್ತಿತ್ತು. ಬುಟ್ಟಿ ತುಂಬಿತ್ತು. ಇನ್ನೊಂದು ಹಣ್ಣಿಗೆಂದು ಅವಳು ಬಂಡೆಯಿಂದ ಬಂಡೆಗೆ ಕಾಲಿಟ್ಟಳು. ಹುಲ್ಲಿನಡಿಯ ಸಣ್ಣ ಕಲ್ಲು ಹೊರಳಿತು. ಅವಳ ಎಡಗಾಲು ಎರಡು ಬಂಡೆಗಳ ಸಂದಿಗೆ ಇಳಿಯಿತು, ಹೊರಳಿದ ಕಲ್ಲು ಮೇಲೆ ಬಂದು ಬಿಗಿಯಿತು. ಒಣಕಟ್ಟಿಗೆ ಮುರಿದಂಥ ಸದ್ದು ನನಗೂ ಕೇಳಿಸಿತು.

ಕಲ್ಲನ್ನು ಎಳೆದೆ, ನೂಕಿದೆ. ಅಲುಗಲಿಲ್ಲ. ಅವಳ ಮುಖ ಬೂದಿಯಾಗಿತ್ತು. ಅಷ್ಟರಲ್ಲಿ ಕೆಳಗಿನ ಪೊದೆಯೊಳಗೆ ಯಾರೋ ಮುದುಕ ಗೊಣಗಿದಂತೆ ಸದ್ದು ಬಂತು.

“ಕರಡಿ” ಎಂದಳು ಮೆಲ್ಲಗೆ. “ಅದಕ್ಕೂ ಹಣ್ಣಿನ ಕಾಲ ಇದು. ಹೊತ್ತು ಮುಳುಗಿದ ಮ್ಯಾಲ ಇಲ್ಲಿಗೇ ಬರತೈತಿ.”

“ನಾ ಓಡಿಹೋಗಿ ಮಾವನ್ನ ಕರಕೊಂಡು ಬರ್ತೀನಿ.”

“ನೀವು ಇಳದು ಊರು ಮುಟ್ಟೂದ್ರಾಗ ಕತ್ತಲಾಕ್ಕೈತಿ.” ಅವಳು ಮೇಲಕ್ಕೆ ಕೈ ತೋರಿಸಿದಳು. ನಮ್ಮ ಬೆನ್ನಿಗೆ ಎರಡಾಳು ಎತ್ತರದ ಬಂಡೆ, ಅದರ ನೆತ್ತಿಯಲ್ಲಿ ಬೋರಲು ಹಾಕಿದ ಗುಡಾಣದಂಥ ಗುಂಡುಕಲ್ಲು. “ಅದು ನಗಾರಿ ಕಲ್ಲು. ಬಡದ್ರ ಊರಿಗೆ ಕೇಳತೈತಿ. ಹತ್ರಿ.”

“ನನ್ನ ಕೈಲಾಗೂದಿಲ್ಲ ಹುಲಿಗೀ.”

“ಗೊತ್ತೈತಿ. ಹತ್ರಿ.”

ಹೇಗೆ ಹತ್ತಿದೆನೋ ಹೇಳಲಾರೆ. ಹಿಡಿಗಲ್ಲೊಂದನ್ನು ಧೋತರದ ಸೆರಗಿಗೆ ಕಟ್ಟಿಕೊಂಡಿದ್ದು ನೆನಪಿದೆ. ಹೊಟ್ಟೆಯನ್ನು ಬಂಡೆಗೆ ಒತ್ತಿ, ಹಲ್ಲಿಯಂತೆ ಅಂಟಿಕೊಂಡು, ಬೆರಳು ಸಿಕ್ಕುವ ಬಿರುಕನ್ನು ತಡಕಿ ತಡಕಿ ಏರಿದೆ. ನಡುವೆ ಒಮ್ಮೆ ನಿಂತೇ ಬಿಟ್ಟೆ, ಮೇಲೂ ಇಲ್ಲ ಕೆಳಗೂ ಇಲ್ಲ. ನಾನು ಅತ್ತದ್ದು ಅವಳಿಗೆ ಕೇಳಿರಬೇಕು. ಕಾಲು ಮುರಿದುಕೊಂಡವಳು ಕೆಳಗಿನಿಂದ, “ಬಲಗಾಲು ಸ್ವಲ್ಪ ಮ್ಯಾಲ... ಅಲ್ಲೇ ಐತಿ ನೋಡ್ರಿ ಕುಳಿ” ಎಂದು ದಾರಿ ಹೇಳಿದಳು.

ನೆತ್ತಿ ಮುಟ್ಟಿ ಗುಂಡುಕಲ್ಲನ್ನು ತಬ್ಬಿಕೊಂಡೆ. ಒಂದು ಕೈಯಲ್ಲಿ ಬಡಿದೆ. ಕಲ್ಲು ಕಲ್ಲಿನಂತೆ ಸದ್ದು ಮಾಡಲಿಲ್ಲ. ಢಂ ಎಂದಿತು, ಎದುರು ಗುಡ್ಡ ಢಂ ಎಂದಿತು, ನನ್ನ ಎದೆಗೂಡೂ ಢಂ ಎಂದಿತು. ಕೈ ಕಿತ್ತು ರಕ್ತ ಬಂದರೂ ಬಡಿದೆ. ಕೆಳಗೆ ಪೊದೆ ಅಲ್ಲಾಡಿತು. ಕಪ್ಪನೆಯದೊಂದು ಗಾತ್ರ ಹೊರಬಿದ್ದು, ಬೆನ್ನು ಕುಣಿಸುತ್ತ ಆಚೆ ಕಣಿವೆಗೆ ಇಳಿದು ಹೋಯಿತು.

ಮೊದಲು ಕುರಿ ಕಾಯುವ ಇಬ್ಬರು ಬಂದರು, ಅವರ ಹಿಂದೆ ಊರಿನ ನಾಲ್ಕು ಮಂದಿಯೊಂದಿಗೆ ಮಾವ. ಮರದ ಗಳ ಹಾಕಿ ಮೀಟಿ ಕಲ್ಲು ಸರಿಸಿದರು. ಹುಲಿಗೆವ್ವನನ್ನು ಕಂಬಳಿಯ ಮೇಲೆ ಮಲಗಿಸಿದರು. ಹೊರಡುವಾಗ ಮಾವ ಸುತ್ತ ನೋಡಿ ಕೇಳಿದರು, “ಅಳ್ಯಾರ ಎಲ್ಲದಾರ?”

ನಾನು ಮೇಲೆಯೇ ಇದ್ದೆ. ಇಳಿಯಲು ಆಗುತ್ತಿರಲಿಲ್ಲ. ಕಲ್ಲನ್ನು ತಬ್ಬಿದ ಕೈ ನನ್ನ ಮಾತು ಕೇಳುತ್ತಿರಲಿಲ್ಲ. ಇಷ್ಟು ದಿನ ಅವಳು ಮುಚ್ಚಿಟ್ಟದ್ದು ಒಂದು ಗಳಿಗೆಯಲ್ಲಿ ಊರೆದುರು ಬಯಲಾಯಿತು. ಒಬ್ಬ ಕುರಿಗಾರ ನಗಲು ಬಾಯಿ ತೆರೆದ. ಮಾವ ಅವನನ್ನು ದಿಟ್ಟಿಸಿ ನೋಡಿದರು.

“ಅವರು ಇಳಿಯೂ ತನಕ ನನ್ನ ಎತ್ತಬ್ಯಾಡ್ರಿ” ಎಂದಳು ಹುಲಿಗೆವ್ವ ಕಂಬಳಿಯ ಮೇಲಿಂದ.

ಕೊನೆಗೆ ಆ ಕುರಿಗಾರನೇ ಹತ್ತಿ ಬಂದ. ನನ್ನ ಬೆರಳುಗಳನ್ನು ಒಂದೊಂದಾಗಿ ಬಿಡಿಸಿ, “ಏನೂ ಆಗೂದಿಲ್ರಿ ಯಪ್ಪಾ, ನನ್ನ ಹೆಗಲ ಮ್ಯಾಲ ಕಾಲಿಡ್ರಿ” ಎಂದು ಇಳಿಸಿದ.

ಎಲುಬು ಕೂಡಿಸುವವರು ಬಿದಿರು ದಬ್ಬೆ ಕಟ್ಟಿದರು. ಎಲುಬು ಕೂಡಿತು, ನೆಟ್ಟಗೆ ಕೂಡಲಿಲ್ಲ. ಈಗ ಅವಳು ಕುಂಟುತ್ತ ನಡೆಯುತ್ತಾಳೆ. ಗದ್ದೆಯವರೆಗೆ ಹೋಗುತ್ತಾಳೆ, ಗುಡ್ಡ ಹತ್ತಲಾರಳು. ಮೊದಲ ಮಳೆಗೆ ದೊಣೆ ತುಂಬಿತೇ ಎಂದು ನೋಡಿ ಬರಲು ಈಗ ನಾನು ಹೋಗಬೇಕು. ಹೋಗುತ್ತೇನೆ, ಅರ್ಧ ನಡೆದು, ಅರ್ಧ ತೆವಳಿ. ಬಂದು ಹೇಳುತ್ತೇನೆ. ನಾನು ಬಿಟ್ಟದ್ದನ್ನು ಅವಳು ಕೆದಕಿ ಕೇಳುತ್ತಾಳೆ.

ಕಳೆದ ಸುಗ್ಗಿಗೆ ನವಲಗುಂದಕ್ಕೆ ಹೋಗಿದ್ದೆ. ಕಣದಲ್ಲಿ ಕುಳಿತು ಅಣ್ಣ ಹೇಳಿದ: “ಇಬ್ರೂ ಇಲ್ಲೇ ಬಂದುಬಿಡ್ರೋ. ಸಪಾಟ ನೆಲ. ಆಕಿ ಕಾಲಿಗೂ ಛಲೋ, ನಿನ್ನ ಎದಿಗೂ ಛಲೋ. ನಿನ್ನ ಪಾಲಿನ ಹೊಲ ಹಂಗ ಐತಿ.” ಅವನ ಮಾತಿನಲ್ಲಿ ತಪ್ಪಿರಲಿಲ್ಲ. ಎಂಟು ದಿಕ್ಕಿಗೂ ಅಡ್ಡವಿಲ್ಲದ ಆ ಬಯಲಿನಲ್ಲಿ ಎದೆ ತುಂಬ ಉಸಿರಾಡಿದೆ. ಬಿಳಿಜೋಳದ ಬಿಸಿ ರೊಟ್ಟಿ ತಿಂದೆ. ಆದರೆ ಸಂಜೆಯಾದಂತೆ ಬೆನ್ನಿಗೆ ಏನೋ ಇಲ್ಲವೆನಿಸಿ ಮತ್ತೆ ಮತ್ತೆ ಹಿಂದಿರುಗಿ ನೋಡಿದೆ. ಅಲ್ಲಿಯ ಮಕ್ಕಳು ನನ್ನನ್ನು ಗುಡ್ಡದ ಕಾಕಾ ಎಂದು ಕರೆಯುತ್ತವೆ. ಇಲ್ಲಿಯವರಿಗೆ ನಾನು ಇನ್ನೂ ಎರಿ ಸೀಮೆಯವನು.

ಮರಳಿ ಬಂದು ಹುಲಿಗೆವ್ವನಿಗೆ ಅಣ್ಣನ ಮಾತು ತಿಳಿಸಿದೆ. ಅಕ್ಕಿ ಹಸನು ಮಾಡುತ್ತಲೇ ಹೇಳಿದಳು, “ನಿಮ್ಮ ಅಣ್ಣಾರು ಅಂದಿದ್ದು ಖರೇ ಐತಿ. ನೀವು ಹೂಂ ಅಂದ್ರ ಬರ್ತೀನಿ. ಆದ್ರ ಅಲ್ಲಿ ಇಬ್ರೂ ಏನು ನೋಡ್ಕೊಂತ ಕುಂದ್ರೂದು?”

ಮರುದಿನ ಗುಡ್ಡಕ್ಕೆ ಹೋದೆ. ಮೇಲಿನ ಬಂಡೆಯೊಂದನ್ನು ಹಿಡಿದುಕೊಂಡು ಪಡುವಣಕ್ಕೆ ನೋಡಿದೆ. ನಮ್ಮ ಬಯಲು ಅತ್ತ ಕಡೆಯೇ ಇರಬೇಕು. ಬರೀ ಮಬ್ಬು ಕಂಡಿತು. ಕೆಳಗೆ ನೋಡಬಾರದೆಂದುಕೊಂಡರೂ ನೋಡಿದೆ. ಮಾಳಿಗೆಯ ಮೇಲೆ ಎಳ್ಳು ಕಾಳಿನಷ್ಟು ಹುಲಿಗೆವ್ವ, ಹಣೆಗೆ ಕೈ ಅಡ್ಡ ಹಿಡಿದು ನನ್ನನ್ನೇ ಹುಡುಕುತ್ತಿದ್ದಳು. ಕೈ ಬೀಸಿದರೆ ಕಂಡೇನು ಎನಿಸಿತು. ಬೀಸಬೇಕೆಂದರೆ ಬಂಡೆಯನ್ನು ಬಿಡಬೇಕು. ಒಂದು ಕೈ ಬಿಟ್ಟೆ.