ಆರಾಮಿಲ್ಲ ಎನ್ನಲು ಕಲಿತದ್ದು

"ಆರಾಮ ಇದ್ರ ದವಾಖಾನಿಗೆ ಯಾಕ ಬಂದ್ರಿ?"

ಚೀಟಿ ಕೊಡುವ ಕಿಟಕಿಯ ಹಿಂದಿದ್ದ ಹೆಂಗಸು ಹೀಗೆ ಕೇಳಿದಾಗ ನಗಬೇಕೋ ಅಳಬೇಕೋ ನನಗೆ ತಿಳಿಯಲಿಲ್ಲ. ಅದಕ್ಕೆ ಮೊದಲು ಆಕೆ ನನ್ನ ಮುಖ ನೋಡಿ, "ಯಾಕ್ರೀ, ಆರಾಮಿಲ್ಲೇನ್ರಿ?" ಅಂದಿದ್ದಳು. ನಾನು ತಿಪಟೂರು ಕಡೆಯವಳು. ನಮ್ಮಲ್ಲಿ ಆರಾಮ ಅಂದರೆ ಬಿಡುವು, ಕಾಲು ಚಾಚಿ ಕೂರುವ ಸುಖ. ಕೆಲಸ ಹೋಗಿ, ಇದ್ದೊಂದು ಕೋಣೆಯೂ ಹೋಗಿ, ಚೀಲ ತಬ್ಬಿಕೊಂಡು ಗದಗಿನ ಬಸ್‌ಸ್ಟ್ಯಾಂಡಿನಲ್ಲಿ ದಿನ ದೂಡುತ್ತಿದ್ದವಳನ್ನು ಬಿಡುವಿಲ್ಲವೇ ಅಂತ ಕೇಳಿದರೆ ಹೇಗಾಗಬೇಡ! ಕೊಂಕು ಅಂದುಕೊಂಡೆ. "ಆರಾಮಾಗೇ ಇದ್ದೀನಿ ಕಣಮ್ಮ, ನಂಗೇನು ಕೆಲಸ!" ಎಂದು ಸಿಡುಕಿದೆ. "ಹಂಗಾರ ಸರೀರಿ, ಹಿಂದಿನವರಿಗೆ ಜಾಗಾ ಬಿಡ್ರಿ" ಅಂದಳು ಆಕೆ. ನಾನು ಸರಿದೆ. ಎಷ್ಟೋ ದಿನದಿಂದ ಧೈರ್ಯ ಕೂಡಿಸಿಕೊಂಡು ಬಂದಿದ್ದೆ, ಒಂದೇ ಮಾತಿಗೆ ಬಾಗಿಲು ಮುಚ್ಚಿಹೋಯಿತು. ನನಗೆ ಇಷ್ಟೇ ಬರೆದಿರುವುದು ಅಂದುಕೊಂಡು ಮತ್ತೆ ಬಸ್‌ಸ್ಟ್ಯಾಂಡಿಗೇ ನಡೆದೆ.

ನಾನು ಕರಡು ತಿದ್ದುವವಳು. ಪುಸ್ತಕ ಅಚ್ಚಾಗುವ ಮೊದಲು ಅದರ ತಪ್ಪುಗಳನ್ನು ಹುಡುಕಿ ಕೆಂಪು ಶಾಯಿಯಲ್ಲಿ ಗುರುತು ಹಾಕುವ ಕೆಲಸ. ಮದುವೆ ಆಗಲಿಲ್ಲ, ಆ ಕತೆ ಬೇಡ. ತುಮಕೂರಿನಲ್ಲಿ ಕೆಲಸ ಕಡಿಮೆಯಾಗುತ್ತ ಬಂದಾಗ ಗದಗಿಗೆ ಅಂಟಿಕೊಂಡ ಬೆಟಗೇರಿಯ ಒಂದು ಮುದ್ರಣಾಲಯದವರು ಕರೆದರು. ಶಾಲೆಯ ಮಕ್ಕಳ ಗೈಡುಗಳನ್ನು ಅಚ್ಚು ಹಾಕುವ ಜಾಗ. ಇರುವುದಕ್ಕೆ ಮೇಲೆ ಒಂದು ಕೋಣೆಯನ್ನೂ ಕೊಟ್ಟರು. ನಾವು ಬೀದಿ ಅನ್ನುವುದಕ್ಕೆ ಇಲ್ಲಿ ಓಣಿ ಅನ್ನುತ್ತಾರೆ. ನಮ್ಮ ಓಣಿಯಲ್ಲಿ ಸೀರೆ ನೇಯುವ ಮನೆಗಳಿದ್ದವು, ಹಗಲೆಲ್ಲ ಮಗ್ಗದ ಸದ್ದು. ಅದು ನಿಂತರೆ ಊರೇ ಖಾಲಿಯಾದ ಹಾಗೆ ಅನ್ನಿಸುತ್ತಿತ್ತು.

ನಮ್ಮ ಕಡೆಯ ಮುದ್ದೆಯಾದರೆ ನುಂಗುತ್ತೇವೆ, ಸದ್ದಿಲ್ಲ. ಇಲ್ಲಿಯ ಖಡಕ್ ರೊಟ್ಟಿಯನ್ನು ಮುರಿಯಬೇಕು, ಅಗಿಯಬೇಕು. ನಾಲ್ಕು ಜನ ಕೂತು ತಿಂದರೆ ಅದು ಸೊಗಸು. ಒಬ್ಬಳೇ ಕೋಣೆಯಲ್ಲಿ ಕೂತು ತಿನ್ನುವಾಗ ನನ್ನ ಹಲ್ಲಿನ ಸದ್ದು ನನಗೇ ಕೇಳಿಸುತ್ತಿತ್ತು. ಅಷ್ಟು ಒಂಟಿತನ ನಾನು ಅದಕ್ಕೆ ಮೊದಲು ಕಂಡಿರಲಿಲ್ಲ.

ಭಾಷೆಯೇನು, ಕನ್ನಡವೇ ತಾನೇ ಎಂಬ ಜಂಬದಿಂದ ಬಂದಿದ್ದೆ. ಮಷೀನು ನಡೆಸುತ್ತಿದ್ದ ಬಸಣ್ಣ ಬರೆದಿಡುತ್ತಿದ್ದ ಚೀಟಿಗಳಲ್ಲಿ 'ಮನಿ' ಎಂದಿದ್ದುದನ್ನು 'ಮನೆ' ಎಂದು ತಿದ್ದಿದರೆ, "ಅಕ್ಕಾರ, ನಮ್ಮ ಮನೀನ ಕೆಡವಿದ್ರಲ್ರೀ!" ಎಂದು ನಗುತ್ತಿದ್ದ. ಒಂದು ದಿನ ಎದ್ದು ಕೂರಲಾಗದೆ, "ಬಸಣ್ಣ, ನಂಗೆ ಹುಷಾರಿಲ್ಲ" ಅಂದೆ. ಅವನು ಗಾಬರಿಯಾಗಿ, "ಅಯ್ಯ, ಹಂಗ್ಯಾಕ ಅಂತೀರಿ? ನಿಮ್ಮಷ್ಟು ಹುಷಾರ ಮಂದಿನ್ನ ನಾ ನೋಡಿಲ್ರಿ. ಒಂದು ತಪ್ಪು ಬಿಡೂದಿಲ್ಲ ನೀವು!" ಅಂದ. ಇಲ್ಲಿ ಹುಷಾರು ಅಂದರೆ ಜಾಣತನ. ಕಾಯಿಲೆ ಎಂದು ಹೇಳಿಕೊಂಡದ್ದಕ್ಕೆ ಹೊಗಳಿಕೆ ಸಿಕ್ಕಿತು. ಅಂದು ನಾನೂ ನಕ್ಕೆ. ಆ ಕೋಣೆಯಲ್ಲಿ ನಾನು ನಕ್ಕದ್ದು ಅದೇ ಕಡೆಯ ಸಲ ಇರಬೇಕು.

ಕಾಯಿಲೆ ಯಾವಾಗ ಶುರುವಾಯಿತೋ ಹೇಳಲಾರೆ. ಮೊದಲು ನಿದ್ದೆ ಹೋಯಿತು, ಆಮೇಲೆ ಹಸಿವು. ಕರಡಿನ ಸಾಲುಗಳು ಕಣ್ಣಿಗೆ ಬಿದ್ದರೂ ತಲೆಗೆ ಹೋಗದಾದವು. ಒಂದೇ ಪುಟವನ್ನು ಬೆಳಗಿನಿಂದ ಮಧ್ಯಾಹ್ನದವರೆಗೆ ನೋಡುತ್ತ ಕೂತದ್ದುಂಟು. ತಲೆ ಬಾಚಿಕೊಳ್ಳುವುದೇ ಬೆಟ್ಟ ಹತ್ತುವ ಕೆಲಸವಾಯಿತು. ಇನ್ನು ಬದುಕಿ ಏನು ಎಂಬ ಯೋಚನೆ ಬಂದು ಒಳಗೆ ಕೂತಿತು, ಏಳಲೇ ಇಲ್ಲ. ಆ ಹೊತ್ತಿಗೆ ಮಾಲೀಕರು ಮುದ್ರಣಾಲಯವನ್ನು ಮಾರಿದರು. ಕೊಂಡವರಿಗೆ ಜಾಗ ಬೇಕಿತ್ತು, ಯಂತ್ರ ಬೇಕಿರಲಿಲ್ಲ, ನಾನಂತೂ ಬೇಡವೇ ಬೇಡ. ಬಸಣ್ಣ ಕೆಲಸ ಹುಡುಕಿಕೊಂಡು ಹುಬ್ಬಳ್ಳಿಗೆ ಹೋದ. ನಾನು ಬೇರೆ ಕೋಣೆ ಕೇಳಲು ಹೋದಲ್ಲೆಲ್ಲ ಒಂದೇ ಪ್ರಶ್ನೆ: "ಯಜಮಾನ್ರು ಎಲ್ಲಿ ಅದಾರ್ರಿ?" ಯಜಮಾನರಿಲ್ಲ, ಕೆಲಸವಿಲ್ಲ, ಊರು ದೂರ. "ಒಬ್ಬಾಕಿ ಹೆಣ್ಮಗಳಿಗೆ ಮನಿ ಕೊಡೂದಿಲ್ರಿ, ತಪ್ಪು ತಿಳ್ಕೋಬ್ಯಾಡ್ರಿ" ಅನ್ನುತ್ತಿದ್ದರು.

ಊರಿಗೆ ಹೋಗಬಾರದಿತ್ತೇ ಎಂದು ನೀವು ಕೇಳುತ್ತೀರಿ. ನಮ್ಮೂರಿನಲ್ಲಿ ಒಬ್ಬ ಹೆಂಗಸಿಗೆ ಹೀಗಾದದ್ದು ನನಗೆ ನೆನಪಿತ್ತು. ಹರಕೆ ಹೊತ್ತರು, ಬೇವಿನ ಸೊಪ್ಪಿನಲ್ಲಿ ಹೊಡೆದರು, ಕಡೆಗೆ 'ತಲೆ ಕೆಟ್ಟೋಳು' ಎಂದು ಹೆಸರಿಟ್ಟರು. ಅವಳ ತಂಗಿಗೆ ಗಂಡು ಸಿಗಲೇ ಇಲ್ಲ. ನನ್ನಣ್ಣನ ಮನೆಯಲ್ಲಿ ಮದುವೆಗೆ ಬಂದ ಮಗಳಿದ್ದಾಳೆ. ಅಣ್ಣ ಫೋನು ಮಾಡಿದಾಗಲೆಲ್ಲ "ಚೆನ್ನಾಗಿದ್ದೀನಣ್ಣ, ಕೆಲಸ ಜಾಸ್ತಿ" ಅನ್ನುತ್ತಿದ್ದೆ.

ಸರ್ಕಾರಿ ಬಸ್ಸಿನಲ್ಲಿ ಹೆಂಗಸರಿಗೆ ಟಿಕೆಟ್ಟು ಪುಕ್ಕಟೆ. ತಾಯಿಯ ಮನೆಗೂ ಜಾತ್ರೆಗೂ ಹೋಗಲಿ ಎಂದು ಕೊಟ್ಟದ್ದರಲ್ಲಿ ನಾನು ಸಂಸಾರ ಹೂಡಿದೆ. ಬೆಳಿಗ್ಗೆ ಮುಂಡರಗಿ ಬಸ್ಸು ಹತ್ತಿದರೆ ಒಂದು ಸೀಟು, ಒಂದು ಕಿಟಕಿ, ತಲೆಯ ಮೇಲೆ ಸೂರು. ಹೊರಗೆ ಕಪ್ಪು ಹೊಲ, ಗುಡ್ಡದ ಮೇಲೆ ತಿರುಗುವ ಗಾಳಿಯಂತ್ರಗಳು. ನಮ್ಮ ಕಡೆ ಕಣ್ಣು ಹಾಯಿಸಿದಲ್ಲಿ ತೆಂಗಿನ ಮರ ಅಡ್ಡ ಬರುತ್ತದೆ. ಇಲ್ಲಿ ಏನೂ ಅಡ್ಡ ಬರುವುದಿಲ್ಲ, ನೋಡುತ್ತ ನೋಡುತ್ತ ನನಗೆ ಭಯವೇ ಆಗುತ್ತಿತ್ತು. ಮುಂಡರಗಿಯಿಂದ ತಿರುಗಿ ಗದಗಿಗೆ, ಮತ್ತೆ ಲಕ್ಷ್ಮೇಶ್ವರಕ್ಕೆ, ಅಲ್ಲಿಂದ ಶಿರಹಟ್ಟಿಗೆ. ಹಸಿವಾದರೆ ಮಠದ ಪ್ರಸಾದ, ಕತ್ತಲಾದರೆ ರೈಲು ನಿಲ್ದಾಣದಲ್ಲಿ ಹೆಂಗಸರು ಕಾಯುವ ಕೋಣೆ. ಎಲ್ಲರೂ ಎಲ್ಲಿಗೋ ಹೋಗುವವರ ನಡುವೆ ನಾನೂ ಹೋಗುವವಳ ಹಾಗೆ ಕೂತಿರುತ್ತಿದ್ದೆ.

ದವಾಖಾನೆಯ ಚೀಟಿ ಕಿಟಕಿಯಿಂದ ಹಿಂದೆ ಬಂದ ಮೇಲೆ ಒಂದು ಬೆಳಿಗ್ಗೆ ಲಕ್ಷ್ಮೇಶ್ವರದ ಬಸ್ಸಿನಲ್ಲಿ ನನ್ನ ಪಕ್ಕ ಒಬ್ಬ ಹೆಂಗಸು ಬಂದು ಕೂತಳು. ಹೆಸರು ನೀಲವ್ವ, ಶಿಗ್ಲಿಯವಳು ಎಂದು ಆಮೇಲೆ ತಿಳಿಯಿತು. ಕೂತವಳೇ ಶೇಂಗಾ ಉಂಡೆ ತೆಗೆದು ನನ್ನ ಕೈಗಿಟ್ಟಳು. ಸ್ವಲ್ಪ ಹೊತ್ತು ನೋಡಿ, "ಅಕ್ಕಾರ, ಆರಾಮಿಲ್ಲೇನ್ರಿ?" ಅಂದಳು.

ಮತ್ತೆ ಅದೇ! ನನ್ನ ಸಿಟ್ಟು ನೆತ್ತಿಗೇರಿತು. "ಕಾಣ್ಸಲ್ವಾ? ಆರಾಮಾಗೇ ಕೂತಿದ್ದೀನಿ. ಬೆಳಿಗ್ಗೆಯಿಂದ ಸಂಜೆವರೆಗೂ ಇದೇ ಆರಾಮ ನಂದು."

ಅವಳು ಕಣ್ಣು ಕಣ್ಣು ಬಿಟ್ಟಳು. "ಕುಂತಿದ್ದು ಅಲ್ರೀ ನಾ ಕೇಳಿದ್ದು. ಮಾರಿ ನೋಡ್ರಿ ಹೆಂಗ ಬಾಡೇತಿ! ಜಡ್ಡಾಗೇತೇನು ಅಂತ ಕೇಳಿದ್ನಿ."

ಮಾರಿ ಅಂದರೆ ಇಲ್ಲಿ ಮುಖ. ಜಡ್ಡು ಅಂದರೆ ಕಾಯಿಲೆ. ಅಂದರೆ ಆ ಕಿಟಕಿಯ ಹೆಂಗಸು ಕೊಂಕು ಆಡಿರಲಿಲ್ಲ! ನಿಮಗೆ ಕಾಯಿಲೆಯೇ ಎಂದು ಕೇಳಿದ್ದಳು. ಇಲ್ಲ ಎಂದವಳು ನಾನು.

"ಮೈಗೇನೂ ಆಗಿಲ್ಲ" ಅಂದೆ, ದನಿ ಸಣ್ಣಗಾಗಿತ್ತು.

"ಮತ್ತ ಮನಸಿಗೇನ್ರಿ? ಅದಕ್ಕೂ ಹಂಗ ಅಂತೀವ್ರಿ. ಜ್ವರ ಬಂದ್ರೂ ಆರಾಮಿಲ್ಲ, ಮನಸು ಕೆಟ್ರೂ ಆರಾಮಿಲ್ಲ." ಆಮೇಲೆ ಬಸ್ಸಿನಲ್ಲಿ ಎಲ್ಲರಿಗೂ ಕೇಳುವ ಹಾಗೆ ಹೇಳಿದಳು: "ನನಗೂ ಆರಾಮಿರಲಿಲ್ರಿ. ಬಾಣಂತನದಾಗ ಕೂಸು ಹೋತು. ಮುಂದ ಭಾಳ ದಿನ ಮಾತ ಆಡಲಿಲ್ಲ ನಾ. ಲಕ್ಷ್ಮೇಶ್ವರದ ಸರಕಾರಿ ದವಾಖಾನಿಗೆ ವಾರಕ್ಕೊಮ್ಮೆ ಮನಸಿನ ಡಾಕ್ಟರ್ ಬಾಯಾರು ಬರ್ತಾರ. ಗುಳಗಿ ಅಲ್ಲೇ ಕೊಡ್ತಾರ, ರೊಕ್ಕಾ ಇಲ್ಲ ಏನಿಲ್ಲ. ಈಗ ಅಲ್ಲಿಗೇ ಹೊಂಟೀನಿ."

ನಾಚಿಕೆಯಿಂದ ನಾನು ತಲೆ ತಗ್ಗಿಸಿದೆ, ಅವಳ ಪರವಾಗಿ. ಆದರೆ ಮುಂದಿನ ಸೀಟಿನ ಗಂಡಸು ತಿರುಗಿ, "ಯಾ ವಾರ ಬರ್ತಾರ್ರೀ? ನಮ್ಮ ಅತ್ತಿಗೂ ಆರಾಮಿಲ್ರಿ" ಅಂದ. ಹಲ್ಲುನೋವಿನ ಡಾಕ್ಟರನ್ನು ವಿಚಾರಿಸುವ ಹಾಗೆ ವಿಚಾರಿಸಿದ. ಯಾರೂ ನಗಲಿಲ್ಲ, ಯಾರೂ ದೂರ ಸರಿದು ಕೂರಲಿಲ್ಲ.

"ನಂಗೂ ಆರಾಮಿಲ್ಲ" ಅಂದೆ. ನನ್ನ ಬಾಯಿಂದ ಅದು ಹೊರಬಿದ್ದ ಕೂಡಲೇ ಅಳು ಒತ್ತಿ ಬಂತು. ಉಂಡೆ ಹಿಡಿದ ಕೈಯಲ್ಲೇ ಮುಖ ಮುಚ್ಚಿಕೊಂಡು ಅತ್ತೆ. ಬೆಲ್ಲವೆಲ್ಲ ಕೆನ್ನೆಗೆ ಮೆತ್ತಿತು. "ಅಳ್ರಿ, ಅಳ್ರಿ, ಊರು ಬರಾಕ ಇನ್ನೂ ಹೊತ್ತೈತಿ" ಎಂದು ನೀಲವ್ವ ಬೆನ್ನು ಸವರಿದಳು.

ನೀಲವ್ವ ಕರೆದುಕೊಂಡು ಹೋದ ಡಾಕ್ಟರು ಸಣ್ಣ ವಯಸ್ಸಿನ ಹೆಣ್ಣುಮಗಳು. ಎಲ್ಲಿರುತ್ತೀರಿ ಎಂದು ಕೇಳಿದರು. "ಮುಂಡರಗಿ ಬಸ್ಸಲ್ಲಿ. ಒಂದೊಂದು ದಿನ ಶಿರಹಟ್ಟಿ ಬಸ್ಸಲ್ಲಿ" ಅಂದೆ. ಅವರು ಬರೆಯುವುದನ್ನು ನಿಲ್ಲಿಸಿದರು. ಸಾಯಬೇಕು ಅನ್ನಿಸುತ್ತದೆಯೇ ಎಂದು ನೇರವಾಗಿ ಕೇಳಿದರು. ಯಾರೂ ಅದುವರೆಗೆ ಕೇಳಿರಲಿಲ್ಲ. ಹೌದು ಅಂದೆ. ದವಾಖಾನೆಯಲ್ಲಿ ಸೇರಿಕೊಳ್ಳಿ ಅಂದರು, ನಾನು ಒಪ್ಪಲಿಲ್ಲ. "ಹಂಗಾರ ಒಂದ ವಾರದ ಗುಳಗಿ ಅಷ್ಟ ಕೊಡ್ತೀನ್ರಿ. ಮುಂದಿನ ವಾರ ನೀವು ಬರಬೇಕು. ಬರೂಮಟ ನಾ ಎದ್ದು ಹೋಗೂದಿಲ್ಲ, ನೋಡ್ರಿ ಮತ್ತ" ಅಂದರು. ರಾತ್ರಿ ಊಟದ ಮೇಲೆ ಒಂದು ಮಾತ್ರೆ. ಯಾವ ಊಟ ಎಂದು ನಾನು ಕೇಳಲಿಲ್ಲ.

ಮಾತ್ರೆಗೆ ನಿದ್ದೆ ಬಂತು. ಅದೇ ಎಡವಟ್ಟಾಯಿತು. ಮಾರನೇ ದಿನವೂ ಮಂಪರು ಇಳಿಯದೆ ಬಸ್ಸಿನಲ್ಲಿ ಮೈಮರೆತು ಮಲಗಿದೆ. ಮುಂಡರಗಿಯಲ್ಲಿ ಕಂಡಕ್ಟರು ಎಬ್ಬಿಸಿದಾಗ ಮಡಿಲಲ್ಲಿದ್ದ ಚೀಲ ಇರಲಿಲ್ಲ. ಬಟ್ಟೆ ಹೋದರೆ ಹೋಗಲಿ, ಮಾತ್ರೆ ಸೆರಗಿನ ಗಂಟಿನಲ್ಲಿತ್ತು. ಗಂಡಸರು ಓಡಾಡುವ ಜಾಗದಲ್ಲಿ ಒಬ್ಬ ಹೆಂಗಸು ಹೀಗೆ ಎಚ್ಚರ ತಪ್ಪಿ ಮಲಗಿದರೆ ಗತಿಯೇನು? ಹೆದರಿ ಮಾತ್ರೆ ನಿಲ್ಲಿಸಿಬಿಟ್ಟೆ. ಮುಂದಿನ ವಾರ ಡಾಕ್ಟರಿಗೆ ಹಾಗೆಯೇ ಹೇಳಿದೆ. ಅವರು ಬಯ್ಯುವರೆಂದುಕೊಂಡಿದ್ದೆ. "ಖರೆ ಐತ್ರಿ. ಈ ಗುಳಗಿ ತಗೊಳ್ಳಾಕ ಚಿಲಕ ಇರೂ ಬಾಗಲಾ ಬೇಕು" ಅಂದರು.

ನೀಲವ್ವ ಹೊರಗೆ ಕಾಯುತ್ತಿದ್ದಳು. "ನಮ್ಮನಿಗೆ ಕರ್ಕೊಂಡು ಹೋಗ್ತಿದ್ನಿ ಅಕ್ಕಾರ. ಇರೂದು ಒಂದ ಖೋಲಿ. ಅತ್ತಿ ಮಾವ ಅದಾರ" ಎಂದು ಕಣ್ಣು ತಪ್ಪಿಸಿದಳು. ಅವಳ ಮೇಲೆ ನನಗೆ ಕೋಪ ಬರಲಿಲ್ಲ. ಆದರೆ ದುಃಖವಾಯಿತು, ಸುಳ್ಳು ಯಾಕೆ ಹೇಳಲಿ. ಡಾಕ್ಟರ ಜೊತೆಗಿದ್ದವರು ಅಲ್ಲಿ ಇಲ್ಲಿ ಫೋನು ಹಚ್ಚಿ, ಗದಗಿನಲ್ಲಿ ಮನೆಯಿಲ್ಲದ ಹೆಂಗಸರು ಇರುವ ಒಂದು ವಸತಿಯಲ್ಲಿ ನನಗೊಂದು ಮಂಚ ಹಿಡಿದರು. ಸಾಲು ಮಂಚ, ಫಿನಾಯಿಲ್ ವಾಸನೆ, ಪಕ್ಕದಲ್ಲಿ ಕೆಮ್ಮುವ ಅಜ್ಜಿ. ಆದರೆ ಬಾಗಿಲಿಗೆ ಚಿಲಕವಿತ್ತು, ಒಳಗಿನಿಂದ. ಮಾತ್ರೆ ನುಂಗಿ ಮಲಗಿದವಳು ಮಾರನೇ ದಿನ ಬಿಸಿಲೇರಿದ ಮೇಲೆ ಎದ್ದೆ. ತಲೆ ಬಾಚಿಕೊಂಡೆ. ಅದು ಸಣ್ಣ ಗೆಲುವೇನಲ್ಲ.

ಇವತ್ತಿಗೂ ಅಲ್ಲೇ ಇದ್ದೇನೆ. ಬೆಟಗೇರಿಯಲ್ಲಿ ಲಗ್ನಪತ್ರಿಕೆ ಅಚ್ಚು ಹಾಕುವ ಒಂದು ಅಂಗಡಿಯಲ್ಲಿ ಕರಡು ನೋಡುತ್ತೇನೆ. ಅಕ್ಷರಗಳು ಮತ್ತೆ ತಲೆಗೆ ಹೋಗುತ್ತವೆ, ಎಲ್ಲ ದಿನವೂ ಅಲ್ಲ. ಮಾತ್ರೆಯನ್ನು ಈಗ ತಿಂಗಳಿಗಾಗುವಷ್ಟು ಕೊಡುತ್ತಾರೆ. ನೀಲವ್ವ ಸಿಕ್ಕರೆ ಸಿಕ್ಕಳು, ಇಲ್ಲದಿದ್ದರೆ ಇಲ್ಲ. ಒಲವಿನಿಂದ ಮಾತಾಡಿಸುವವರಿಗೆ ಇಲ್ಲಿ ಬರವಿಲ್ಲ, ಆದರೆ ಮಾತು ಮುಗಿದ ಮೇಲೆ ಎಲ್ಲರೂ ಅವರವರ ಮನೆಗೆ ಹೋಗುತ್ತಾರೆ. ಭಾನುವಾರ ಅಂಗಡಿ ಮುಚ್ಚಿರುತ್ತದೆ, ಅವತ್ತಿನ ಒಂಟಿತನಕ್ಕೆ ಯಾವ ಡಾಕ್ಟರ ಹತ್ತಿರವೂ ಮಾತ್ರೆ ಇಲ್ಲ.

ಈಚೆಗೆ ಅಣ್ಣನ ಮಗಳ ನಿಶ್ಚಿತಾರ್ಥಕ್ಕೆ ಊರಿಗೆ ಹೋಗಿದ್ದೆ. ಅತ್ತಿಗೆ ಮುದ್ದೆ, ಸೊಪ್ಪಿನ ಸಾರು ಮಾಡಿದ್ದರು. ತಿನ್ನುತ್ತ ಕಣ್ಣಲ್ಲಿ ನೀರು ಬಂತು. ಅಣ್ಣ ಹಿತ್ತಲ ಕಡೆಯ ಕೋಣೆ ಖಾಲಿ ಮಾಡಿಸಿ, ಮಂಚ ಹಾಕಿಸಿ, "ಇನ್ ಹೋಗ್ಬೇಡ ಕಣೇ, ಇಲ್ಲೇ ಇದ್ಬುಡು" ಅಂದ. ಎಷ್ಟು ಆಸೆಯಾಯಿತು ಗೊತ್ತೇ! ನನಗೆ ಅಂತ ಒಂದು ಕೋಣೆ, ನನ್ನವರು, ನನ್ನ ಊಟ. ಉಳಿದುಬಿಟ್ಟೆ. ಬಚ್ಚಲುಮನೆಯಲ್ಲಿ ಕದ್ದು ಮಾತ್ರೆ ನುಂಗುತ್ತಿದ್ದೆ. ಮಾತ್ರೆ ಮುಗಿಯಿತು. ತಿಪಟೂರಿನ ಆಸ್ಪತ್ರೆಯಲ್ಲೂ ಸಿಗುತ್ತದೆ, ಆದರೆ ಸಾಲಿನಲ್ಲಿ ನಿಂತರೆ ಹಿಂದೆ ಮುಂದೆ ನಮ್ಮೂರಿನವರೇ. ಮದುವೆಯ ದಿನ ಇನ್ನೂ ನಿಶ್ಚಯವಾಗಿರಲಿಲ್ಲ, ಸುದ್ದಿ ಹಬ್ಬಿದರೆ ಸಂಬಂಧವೇ ಮುರಿದೀತು. ನಿದ್ದೆ ಹೋಯಿತು, ಹಳೆಯ ಯೋಚನೆ ಬಾಗಿಲಲ್ಲಿ ಬಂದು ನಿಂತಿತು. ಅತ್ತಿಗೆ, "ಯಾಕೆ ಸಪ್ಪಗಿದ್ದೀಯ, ಹುಷಾರಿಲ್ವಾ?" ಎಂದು ಅಕ್ಕರೆಯಿಂದಲೇ ಕೇಳಿದರು. ಇದಕ್ಕೆ ನನ್ನ ಸ್ವಂತ ಕನ್ನಡದಲ್ಲಿದ್ದದ್ದು 'ತಲೆ ಕೆಟ್ಟೋಳು' ಎಂಬ ಮಾತೊಂದೇ. "ಹುಷಾರಾಗಿದ್ದೀನಿ ಅತ್ತಿಗೆ, ಬಿಸಿಲಿಗೆ ತಲೆನೋವು" ಅಂದೆ. ಮಾರನೇ ಬೆಳಿಗ್ಗೆ, ಕೆಲಸಕ್ಕೆ ಕರೆದಿದ್ದಾರೆ ಎಂದು ಹೇಳಿ ಹೊರಟೆ.

ಅಣ್ಣ ಬಸ್ಸಿನವರೆಗೆ ಬಂದ. ಅವನಿಗೆ ಸಿಟ್ಟು, ಅದಕ್ಕಿಂತ ಹೆಚ್ಚು ನೋವು. ಕಿಟಕಿಯ ಕಂಬಿ ಹಿಡಿದುಕೊಂಡು, "ಮನೆ ಬಿಟ್ಟು ಹೋಗ್ತೀಯಲ್ಲ, ಅಲ್ಲಿ ಯಾರವ್ರೆ ನಿಂಗೆ?" ಅಂದ.

"ಯಾರೂ ಇಲ್ಲ ಕಣಣ್ಣ" ಅಂದೆ.

"ಮತ್ತೆ?"

"ಅದಕ್ಕೇ ಅಲ್ಲಿ ನಿಜ ಹೇಳಕ್ಕಾಗುತ್ತೆ."

ಬಸ್ಸು ಹೊರಟಿತು. ಅಣ್ಣ ಕಂಬಿ ಬಿಡದೆ ಜೊತೆಗೇ ನಡೆಯುತ್ತ, "ಏನು ನಿಜ? ಏನೇ ನಿಜ?" ಎಂದು ಕೇಳುತ್ತಲೇ ಬಂದ. ಬಸ್ಸಿನ ತುಂಬ ನಮ್ಮೂರಿನವರಿದ್ದರು. ನಾನು ಕೈ ಬೀಸಿದೆ.