ಕಂದೀಲು, ಕುರ್ಚಿ ಮತ್ತು ಸುಮ ಹೇಳಿದ ಕೊನೆಗಳು

ಆಗೆಲ್ಲ ಬೇಸಿಗೆ ರಜೆಯ ಮಧ್ಯಾಹ್ನಗಳಿಗೆ ಒಂದು ಸದ್ದಿತ್ತು. ತಿರುಗುತ್ತಿದ್ದ ಫ್ಯಾನು ಇದ್ದಕ್ಕಿದ್ದಂತೆ ಸೋತು, ರೆಕ್ಕೆಗಳು ಒಂದೊಂದಾಗಿ ಕಣ್ಣಿಗೆ ಕಾಣತೊಡಗಿ, ಕೊನೆಗೊಮ್ಮೆ ಕಿರ್ ಅಂದು ನಿಲ್ಲುವ ಸದ್ದು. ಅದರ ಹಿಂದೆಯೇ ಬೀದಿಯ ಅಷ್ಟೂ ಮನೆಗಳಿಂದ ‘ಹೋತು!’ ಎಂಬ ಕೂಗು. ದಾವಣಗೆರೆಯ ವಿದ್ಯಾನಗರದಲ್ಲಿ ನಮ್ಮ ಮನೆ. ದಿನಾ ಮೂರೂವರೆಗೆ ಕರೆಂಟ್ ಹೋಗುತ್ತಿತ್ತು. ನನಗೆ ಹನ್ನೆರಡು ವರ್ಷ, ಸಿಟ್ಟು ಮೂಗಿನ ತುದಿಯಲ್ಲೇ. ಆ ಮೂರೂವರೆಯ ಮೇಲೆ ನನಗಿದ್ದ ಸಿಟ್ಟು ಗಣಿತದ ಮೇಷ್ಟ್ರ ಮೇಲೂ ಇರಲಿಲ್ಲ.

ಯಾಕೆಂದರೆ ನಮ್ಮ ಧಾರಾವಾಹಿಗಳು ಬರುತ್ತಿದ್ದದ್ದು ಮೂರರಿಂದ ನಾಲ್ಕು. ಮಂಗಳವಾರ ಒಂದು, ಗುರುವಾರ ಒಂದು. ಎರಡೂ ಪರದೇಶದವು, ಹಳೆಯವು, ಕಪ್ಪು ಬಿಳುಪಿನವು. ಹಿಂದಿಯಲ್ಲಿ ಮಾತು ಕೂಡಿಸಿದ್ದರಿಂದ ತುಟಿ ನಿಂತ ಮೇಲೂ ದನಿ ಬರುತ್ತಿತ್ತು, ಅದೇ ಅರ್ಧ ಹೆದರಿಕೆ ಹುಟ್ಟಿಸುತ್ತಿತ್ತು. ವಾರವಾರವೂ ಬೇರೆ ಕಥೆ, ಬೇರೆ ಜನ. ಮಂಗಳವಾರದ್ದು ದೆವ್ವದ ಕಥೆ. ಕಂದೀಲು ಹಿಡಿದ ಮುದುಕನೊಬ್ಬ ಮೆಟ್ಟಿಲಿಳಿದು ಬಂದು, ಬೆಳಕನ್ನು ನಮ್ಮ ಮುಖಕ್ಕೇ ಹಿಡಿದು ಕಥೆ ಶುರುಮಾಡುತ್ತಿದ್ದ. ಗುರುವಾರದ್ದು ವಿಜ್ಞಾನದ ಕಥೆ, ಯಂತ್ರಗಳು, ಬೇರೆ ಗ್ರಹಗಳು, ನೆರಳು ಕಳೆದುಕೊಂಡ ಮನುಷ್ಯರು. ಅದರ ಶುರುವಿನಲ್ಲಿ ಯಾರೂ ಬರುತ್ತಿರಲಿಲ್ಲ. ಬರೀ ಕೋಣೆ, ನಡುವೆ ಒಂದು ಖಾಲಿ ಕುರ್ಚಿ, ಎಲ್ಲಿಂದಲೋ ಒಂದು ದನಿ. ಅವುಗಳ ನಿಜವಾದ ಹೆಸರು ನಮ್ಮ ಬಾಯಿಗೆ ಹತ್ತಲಿಲ್ಲ. ನಾವು ‘ಕಂದೀಲು’, ‘ಕುರ್ಚಿ’ ಎಂದೇ ಕರೆಯುತ್ತಿದ್ದೆವು.

ಮೂರೂವರೆಗೆ ಕಥೆ ಅರ್ಧಕ್ಕೇ ನಿಲ್ಲುತ್ತಿತ್ತಲ್ಲ, ಉಳಿದರ್ಧ ನನಗೆ ಹರಿಹರದಿಂದ ಬರುತ್ತಿತ್ತು. ತರುವವಳು ಸುಮ, ನನ್ನ ಸೋದರತ್ತೆಯ ಮಗಳು, ನನಗಿಂತ ಒಂದು ವರ್ಷ ಚಿಕ್ಕವಳು. ಅವಳ ಅಪ್ಪ, ಅಂದರೆ ನಮ್ಮ ಮಾವ, ಹರಿಹರದ ಒಂದು ಕಾರ್ಖಾನೆಯಲ್ಲಿ ಲೇತ್ ಮೇಲೆ ಕೆಲಸ ಮಾಡುತ್ತಿದ್ದರು. ಅವರಿದ್ದ ಕಾಲೊನಿಗೆ ಕಾರ್ಖಾನೆಯದೇ ಲೈನು. ಊರೆಲ್ಲ ಕತ್ತಲಾದರೂ ಅಲ್ಲಿ ಕರೆಂಟ್ ಹೋಗುತ್ತಿರಲಿಲ್ಲ. ಭಾನುವಾರ ಅತ್ತೆ ಸಂತೆಗೆಂದು ಬಸ್ಸು ಹತ್ತಿ ನಮ್ಮ ಮನೆಗೆ ಬರುವಾಗ ಸುಮಳೂ ಬರುತ್ತಿದ್ದಳು. ಒಗ್ಗರಣೆ ಮಂಡಕ್ಕಿಯ ತಟ್ಟೆ ನಡುವೆ ಇಟ್ಟುಕೊಂಡು ಹಿತ್ತಲ ಕಟ್ಟೆ ಮೇಲೆ ಕೂತರೆ ಆಯಿತು. ನಮ್ಮದೊಂದು ನಿಯಮವಿತ್ತು. ಮೊದಲರ್ಧ ನಾನು ಹೇಳಬೇಕು, ಕೊನೆ ಅವಳು ಹೇಳಬೇಕು.

ಆಮೇಲೆ ಜಗಳ. ಯಾವುದು ಹೆಚ್ಚು ಹೆದರಿಸುತ್ತದೆ? ನಾನು ಕಂದೀಲಿನ ಕಡೆ.

“ಕುರ್ಚೀಲಿ ಏನೈತೆ ಮಣ್ಣು? ಬರೀ ಡಬ್ಬಿ, ವೈರು. ಕಂದೀಲಲ್ಲಿ ಬಂದು ಕುತ್ತಿಗಿ ಹಿಡೀತಾವೆ” ಎನ್ನುತ್ತಿದ್ದೆ.

ಸುಮ ಶೇಂಗಾ ಆರಿಸಿ ತಿನ್ನುತ್ತಾ ನಿಧಾನ ಹೇಳುತ್ತಿದ್ದಳು, “ದೆವ್ವ ಸುಮ್ನೆ ಬರಲ್ಲಕ್ಕ. ಯಾರೋ ಏನೋ ತಪ್ಪು ಮಾಡಿರ್ತಾರೆ, ಅದಕ್ಕ ಬರ್ತೈತೆ. ಕುರ್ಚೀಲಿ ಯಾರೂ ಏನೂ ಮಾಡಿರಲ್ಲ. ಆದ್ರೂ ಆಗ್ತೈತೆ. ಯಾಕ ಅಂತ ಕೊನೀವರೆಗೂ ಹೇಳಲ್ಲ.”

ಹನ್ನೊಂದರ ಹುಡುಗಿಯ ಮಾತು ನನಗೆ ಆಗ ತಿಳಿಯಲಿಲ್ಲ. ಅವಳ ಮನೆಯಲ್ಲಿ ಆಗುತ್ತಿದ್ದದ್ದೂ ಅದೇ ಬಗೆಯದು. ಹಿಂದಿನ ದೀಪಾವಳಿಗೇ ಕಾರ್ಖಾನೆಯ ಗೇಟು ಮುಚ್ಚಿತ್ತು. ಮುಂದಿನ ತಿಂಗಳು ತೆಗೆಯುತ್ತಾರೆ ಎಂದು ಮಾವ ಪ್ರತಿ ತಿಂಗಳೂ ಹೇಳುತ್ತಿದ್ದರು. ನನ್ನ ಅಪ್ಪ ಮಾತ್ರ ನಂಬದೆ, “ಆನಗೋಡಿನಾಗೆ ಅಪ್ಪಯ್ಯನ ಹೊಲ ಐತೆ, ಮನಿ ಐತೆ. ಸುಮ್ನೆ ಬಂದ್ಬಿಡ್ರಿ” ಎಂದು ಅತ್ತೆಗೆ ಹೇಳಿ ಹೇಳಿ ಸೋತಿದ್ದರು. ಅತ್ತೆ ನಕ್ಕು, “ನಮಗೇನಾಗೈತೆ ಅಣ್ಣ, ಆರಾಮ ಅದೀವಿ” ಎಂದು ಚೀಲ ಎತ್ತಿಕೊಂಡು ಬಸ್ಸು ಹತ್ತುತ್ತಿದ್ದಳು.

ಆ ಬೇಸಿಗೆ ಸುಮ ತರುತ್ತಿದ್ದ ಕೊನೆಗಳು ವಾರವಾರಕ್ಕೂ ಭಯಂಕರವಾಗುತ್ತಾ ಹೋದವು. ಒಂದು ಕಂದೀಲಿನ ಕಥೆ ನೆನಪಿದೆ. ಅಂಗಳದ ಹಾಳು ಬಾವಿಗೆ ಒಬ್ಬ ಚಪ್ಪಡಿ ಮುಚ್ಚಿಸುತ್ತಾನೆ. ಮಾರನೇ ದಿನದಿಂದ ನಡುಮಧ್ಯಾಹ್ನ ರಾಟೆ ತಿರುಗುವ ಸದ್ದು. ನಾನು ನೋಡಿದ್ದು ಅಷ್ಟೇ. ಸುಮ ಮುಂದುವರಿಸಿದಳು: ಅವನು ಚಪ್ಪಡಿಗೆ ಕಿವಿಯಿಟ್ಟು ‘ಯಾರು’ ಅಂತಾನೆ. ಒಳಗಿಂದ ಅವನದೇ ದನಿ, ‘ಮನೆಗೆ ಬಂದೋರನ್ನ ಹಿಂಗ ಒಳಗ ಹಾಕಿ ಮುಚ್ತಾರಾ?’ ಆಗ ಅವನಿಗೆ ಗೊತ್ತಾಗುತ್ತದೆ, ಮುಚ್ಚಿದ್ದು ಹೊರಗಿನಿಂದಲ್ಲ, ತಾನೇ ಒಳಗಿದ್ದಾನೆ, ಮೇಲೆ ಕಾಣುವ ಬೆಳಕು ಕಿರಿದಾಗುತ್ತಿದೆ. ಒಂದು ವಾರ ನಾನು ನೀರಿನ ತೊಟ್ಟಿಯ ಹತ್ತಿರ ಹೋಗಲಿಲ್ಲ. ಅಮ್ಮ ಸುಮಳಿಗೇ ಬೈದಳು.

ಮೇ ತಿಂಗಳಲ್ಲಿ ನಾನು ಹಟ ಹಿಡಿದೆ. ಒಂದು ವಾರ ಹರಿಹರಕ್ಕೆ ಹೋಗಿ ಕೊನೆಗಳನ್ನು ಕಣ್ಣಾರೆ ನೋಡಬೇಕು. ಸುಮ, “ಬ್ಯಾಡಕ್ಕ, ಸೆಕೆ. ನಾನೇ ಬರ್ತೀನಲ್ಲ” ಎಂದಳು. ಅತ್ತೆಯೂ ಯಾಕೋ ತೊದಲಿದಳು. ಅವರಿಗೆ ನಾನು ಹೊರೆಯಾಗಿದ್ದೇನೆ ಎಂದುಕೊಂಡು ಅತ್ತುಬಿಟ್ಟೆ. ಅಳು ನೋಡಿ ಅತ್ತೆ ಕೈಹಿಡಿದು ಕರೆದುಕೊಂಡು ಹೋದಳು.

ಕಾಲೊನಿಯಲ್ಲಿ ಸಾಲಾಗಿ ಒಂದೇ ಬಣ್ಣದ, ಒಂದೇ ಅಳತೆಯ ಮನೆಗಳು. ಹಿಂದೆ ಬಂದಾಗ ಅಲ್ಲಿ ಕುಂಟೆಬಿಲ್ಲೆ ಆಡಲು ಜಾಗ ಸಾಲುತ್ತಿರಲಿಲ್ಲ. ಈಗ ರಸ್ತೆ ಮೇಲೆ ಬೇವಿನ ಹೂವು ಯಾರೂ ತುಳಿಯದೆ ಹಾಗೇ ಬಿದ್ದಿತ್ತು. ಬಾಗಿಲಿಗೆಲ್ಲ ಬೀಗ. ಸುಮಳ ಮನೆಯಲ್ಲಿ ಫ್ಯಾನು ನಿಂತಿತ್ತು, ಸ್ವಿಚ್ಚು ಒತ್ತಿದೆ, ತಿರುಗಲಿಲ್ಲ. ನಾಲ್ಕು ಗಂಟೆಯಾಯಿತು, ಐದಾಯಿತು, ಕರೆಂಟ್ ಬರಲೇ ಇಲ್ಲ.

ಸುಮ ನನ್ನನ್ನು ಹಿತ್ತಲಿಗೆ ಎಳೆದುಕೊಂಡು ಹೋದಳು. “ಲೈನ್ ಕಿತ್ತಾರೆ. ನಿಮ್ಮನೇಲಿ ಹೇಳಬ್ಯಾಡ. ಹೇಳಿದ್ರೆ ನಿಮ್ಮಪ್ಪ ಬಂದು ನಮ್ಮನ್ನ ಆನಗೋಡಿಗೆ ಕರ್ಕೊಂಡು ಹೋಗ್ತಾರೆ. ನಾವು ಹೋದ್ರೆ ಇಲ್ಲಿ ಯಾರೂ ಇರಲ್ಲ. ಯಾರೂ ಇಲ್ದಿದ್ರೆ ಗೇಟು ತೆಗ್ಯಲ್ಲ ಅಂತಾನೆ ನಮ್ಮಪ್ಪ. ಆಣೆ ಮಾಡು.”

“ಮತ್ತೆ ಟಿವಿ ಹೆಂಗೆ ನೋಡ್ತೀ?”

“ಬೇರೆ ಮನೇಲಿ ಐತೆ. ಸಂಜೆ ತೋರಿಸ್ತೀನಿ. ಮೊದ್ಲು ಆಣೆ ಮಾಡು.”

ಅವಳ ಅಂಗೈ ಮೇಲೆ ಅಂಗೈ ಇಟ್ಟು ಆಣೆ ಮಾಡಿದೆ.

ಸಂಜೆ ಅತ್ತೆ ಒಂದು ತಟ್ಟೆಯಲ್ಲಿ ಹಣತೆ, ಬತ್ತಿ, ಎಣ್ಣೆಯ ಗಿಂಡಿ ಇಟ್ಟುಕೊಟ್ಟಳು. ಜೊತೆಗೆ ಬೀಗದ ಕೈಗಳ ದೊಡ್ಡ ಗೊಂಚಲು. ಕಾಲೊನಿ ಬಿಟ್ಟು ಹೋದವರೆಲ್ಲ ತಿರುಗಿ ಬರುವ ಆಸೆಯಲ್ಲಿ ಸಾಮಾನು ಅರ್ಧ ಒಳಗೇ ಬಿಟ್ಟಿದ್ದರು. ಹೋಗುವಾಗ ಅತ್ತೆಯ ಕೈಗೆ ಬೀಗದ ಕೈ ಕೊಟ್ಟು, ‘ಸಂಜಿಗೊಂದು ದೀಪ ಕಾಣಿಸ್ರಿ, ಮನಿ ಹಾಳು ಅನ್ನಿಸಬಾರದು’ ಎಂದಿದ್ದರಂತೆ. ಮೊದಲು ಒಂದು ಮನೆ, ಆಮೇಲೆ ಎರಡು, ನಾನು ಹೋಗುವ ಹೊತ್ತಿಗೆ ಹನ್ನೊಂದು. ಮಂಡಿನೋವಿನ ಅತ್ತೆಯ ಬದಲು ಸುಮಳೇ ದಿನಾ ಹೋಗುತ್ತಿದ್ದಳು.

ಅವಳ ಹಿಂದೆ ನಾನೂ ಹೋದೆ. ಬೀಗ ತೆಗೆದರೆ ನುಸಿಗುಳಿಗೆಯ ವಾಸನೆ, ಕಾದ ಗಾರೆಯ ವಾಸನೆ ಒಟ್ಟಿಗೆ ಮುಖಕ್ಕೆ ಬಡಿಯುತ್ತಿತ್ತು. ಒಂದು ಮನೆಯಲ್ಲಿ ಕ್ಯಾಲೆಂಡರ್ ಹೋದ ತಿಂಗಳಲ್ಲೇ ನಿಂತಿತ್ತು. ಇನ್ನೊಂದರಲ್ಲಿ ಬಾಗಿಲ ಚೌಕಟ್ಟಿನ ಮೇಲೆ ಪೆನ್ಸಿಲಿನಿಂದ ಮಕ್ಕಳ ಎತ್ತರ ಗುರುತು ಮಾಡಿದ್ದರು. ಮತ್ತೊಂದು ಮನೆಯ ಕತ್ತಲಲ್ಲಿ ಟಿಕ್ ಟಿಕ್ ಎಂದು ಏನೋ ಮಿಸುಕಿತು. ನಾನು ಕಿರುಚಿದೆ. ಗೋಡೆ ಗಡಿಯಾರ, ಸೆಲ್ಲು ಇನ್ನೂ ಮುಗಿದಿರಲಿಲ್ಲ, ಅಷ್ಟೇ. ಸುಮ ಹೆದರಲಿಲ್ಲ. ಪ್ರತಿ ಹೊಸ್ತಿಲಲ್ಲಿ ನಿಂತು, “ಬಂದೆ ರೀ” ಎಂದು ಒಳಗಿನ ಕತ್ತಲಿಗೆ ಹೇಳಿಯೇ ಕಾಲಿಡುತ್ತಿದ್ದಳು.

“ಯಾರಿಗೆ ಹೇಳ್ತಿ?” ಎಂದೆ.

“ಹೇಳದೆ ಹೋಗಬಾರ್ದಲ್ಲ” ಎಂದಳು.

ಕೊನೆಯ ಮನೆಯಲ್ಲಿ ಟಿವಿ ಇತ್ತು, ಮೇಲೆ ಕಸೂತಿ ಬಟ್ಟೆ ಹೊದಿಸಿದ್ದರು. ಸುಮ ದೀಪವನ್ನು ನಮ್ಮ ಹಿಂದೆ ಕಿಟಕಿಯ ಕಟ್ಟೆಯಲ್ಲಿಟ್ಟು, ಬಟ್ಟೆ ಸರಿಸಿ, ಚಾಪೆ ಹಾಸಿ ಕೂತಳು. “ಹೋದ ಗುರುವಾರದ್ದು ಹೇಳು” ಎಂದಳು. ಹೇಳಿದೆ. ಅದೊಂದು ಕುರ್ಚಿಯ ಕಥೆ. ದಿನಾ ಕೆಲಸದಿಂದ ಬರುವ ಒಬ್ಬ ತನ್ನ ಬೀದಿಯ ಮನೆಗಳನ್ನು ಎಣಿಸುತ್ತಾನೆ. ದಿನಕ್ಕೊಂದು ಕಡಿಮೆ. ಪಕ್ಕದವರನ್ನು ಕೇಳಿದರೆ ಅಲ್ಲಿ ಮನೆಯೇ ಇರಲಿಲ್ಲವಲ್ಲ ಎನ್ನುತ್ತಾರೆ. ಒಂದು ಸಂಜೆ ಅವನು ತಿರುವಿನಲ್ಲಿ ನಿಂತು ತನ್ನ ಮನೆಯ ಕಡೆ ನೋಡುತ್ತಾನೆ. ಅಲ್ಲಿಗೆ ನಮ್ಮ ಕರೆಂಟ್ ಹೋಗಿತ್ತು.

“ಹ್ಞಾ, ಈಗ ನೋಡು. ಬಂತು” ಎಂದು ಸುಮ ಕಪ್ಪು ಗಾಜಿಗೆ ಬೆರಳು ತೋರಿಸಿದಳು.

ನೋಡಿದೆ. ಗಾಜಿನಲ್ಲಿ ಇಬ್ಬರು ಹುಡುಗಿಯರು ಕೂತಿದ್ದರು. ಅವರ ಹಿಂದೆ ದೀಪ ಅಲುಗಿದಾಗ ಖಾಲಿ ಕೋಣೆಯೂ ಅಲುಗುತ್ತಿತ್ತು, ಯಾರೋ ಎದ್ದು ಓಡಾಡಿದ ಹಾಗೆ. ತಿರುಗಿ ನೋಡುವ ಧೈರ್ಯ ನನಗಿರಲಿಲ್ಲ. ಸುಮ ರೆಪ್ಪೆ ಮಿಟುಕಿಸದೆ ಗಾಜಿನೊಳಗೇ ನೋಡುತ್ತಾ ಹೇಳತೊಡಗಿದಳು. “ಅವನ ಮನಿ ಐತೆ. ಬಾಗಿಲು ತೆಗೆದೈತೆ. ಅವನು ಒಳಗ ಹೋಗಲ್ಲ. ಮನಿಗಳು ಹೋದ ಜಾಗದಾಗೆಲ್ಲ ಒಂದೊಂದು ದೀಪ ಇಡ್ತಾ ಬರ್ತಾನೆ. ಇಟ್ಟಲ್ಲೆಲ್ಲ ಒಳಗಿಂದ ಯಾರೋ ಮಾತಾಡಿದ್ದು ಕೇಳ್ತೈತೆ. ಆಮೇಲೆ…”

ನನಗೆ ಒಮ್ಮೆಲೇ ಬೆಳಕಾಯಿತು. ಈ ಟಿವಿಗೂ ಕರೆಂಟ್ ಇಲ್ಲ. ಅವಳು ಏನನ್ನೂ ನೋಡುತ್ತಿಲ್ಲ. ಇಷ್ಟು ವಾರ ನೋಡಿಯೇ ಇಲ್ಲ. ಹೆದರಿಕೆ ಹೋಗಿ ಸಿಟ್ಟು ನೆತ್ತಿಗೇರಿತು.

“ಸುಳ್ಳಿ! ಎಲ್ಲಾ ನೀನೇ ಕಟ್ಟಿದ್ದು! ನನ್ನ ಹತ್ರ ಮೊದಲರ್ಧ ಕೇಳ್ಕೊಂಡು ನನಗೇ ಸುಳ್ಳು ಹೇಳಿದ್ದಿ” ಎಂದು ಕಿರುಚಿದೆ. ಖಾಲಿ ಮನೆಯಲ್ಲಿ ನನ್ನ ದನಿ ನನಗೇ ತಿರುಗಿ ಬಂತು.

ಸುಮ ಎದ್ದಳು. ಬಟ್ಟೆಯನ್ನು ಟಿವಿಗೆ ಹೊದಿಸಿ, ಅಂಚು ಸರಿಮಾಡಿ, ಬೀಗ ಹಾಕಿದಳು. ವಾಪಸ್ಸು ನಡೆಯುವಾಗ ಸಾಲಿನ ಹನ್ನೊಂದೂ ಕಿಟಕಿಗಳಲ್ಲಿ ದೀಪ ಇತ್ತು. ಗೊತ್ತಿಲ್ಲದವರು ನೋಡಿದ್ದರೆ ಅಷ್ಟೂ ಮನೆಗಳಲ್ಲಿ ಅಡುಗೆ ನಡೆದಿದೆ ಎಂದುಕೊಳ್ಳುತ್ತಿದ್ದರು.

ಎರಡೇ ದಿನಕ್ಕೆ ನಾನು ಊರಿಗೆ ಹೋಗುತ್ತೇನೆಂದು ರಚ್ಚೆ ಹಿಡಿದೆ. ಮನೆಯಲ್ಲಿ ಅಮ್ಮ ನನ್ನ ಕೈಮೇಲಿನ ಸೊಳ್ಳೆ ಗಂಧೆ ನೋಡಿ, “ಯಾಕ, ಅತ್ತಿ ಮನೇಲಿ ಫ್ಯಾನ್ ಹಾಕಲಿಲ್ಲೇನು?” ಎಂದು ಕೇಳಿದಳು. ಇಲ್ಲಿ ನಾನು ನಿಜ ಬರೆಯಬೇಕು. ಬಾಯಿ ತಪ್ಪಿ ಹೇಳಿದ್ದಲ್ಲ, ಯಾರೂ ಒತ್ತಾಯ ಮಾಡಿದ್ದೂ ಅಲ್ಲ. ಸುಮಳಿಗೆ ತಕ್ಕ ಶಾಸ್ತಿಯಾಗಲಿ ಎಂದೇ, ಕರೆಂಟಿಲ್ಲದ್ದು, ಹನ್ನೊಂದು ಮನೆಯ ದೀಪ, ಆಣೆ ಮಾಡಿದ್ದು, ಎಲ್ಲವನ್ನೂ ಒಂದೇ ಉಸಿರಿಗೆ ಹೇಳಿದೆ. ಅಪ್ಪ ಕೇಳುತ್ತಾ ಕೇಳುತ್ತಾ ತಲೆಮೇಲೆ ಕೈಯಿಟ್ಟುಕೊಂಡು ಕೂತುಬಿಟ್ಟರು.

ಮೂರನೇ ದಿನ ಅಪ್ಪ ಟೆಂಪೋ ಮಾಡಿಕೊಂಡು ಹರಿಹರಕ್ಕೆ ಹೋದರು. ನಾನೂ ಹೋಗಿದ್ದೆ. ಮಾವ ಬೇಡ ಅನ್ನದೆ ತಾವೇ ಸಾಮಾನು ಹೊತ್ತರು. ಸಾಮಾನೆಲ್ಲ ಏರಿಸಿದ ಮೇಲೆ ಬೀಗದ ಕೈಗಳ ಗೊಂಚಲನ್ನು ಗೇಟಿನ ಕಾವಲುಗಾರನಿಗೆ ಕೊಟ್ಟು, “ಯಾರಾದ್ರೂ ಬಂದ್ರೆ ಕೊಡಪ್ಪ” ಎಂದರು. ಅವನು ಅದನ್ನು ಮೊಳೆಗೆ ತೂಗುಹಾಕಿದ. ಸುಮ ಟೆಂಪೋದ ಹಿಂದೆ ಹಾಸಿಗೆ ಸುರುಳಿಗಳ ಮೇಲೆ ಕೂತು ಕಾಲೊನಿಯನ್ನೇ ನೋಡುತ್ತಿದ್ದಳು. ಹರಿಹರ ದಾಟುವ ಹೊತ್ತಿಗೆ ದೀಪ ಹಚ್ಚುವ ಹೊತ್ತಾಗಿತ್ತು, ನಾನು ಹಿಂದೆ ನೋಡಿದೆ, ಆ ಕಡೆ ಏನೂ ಕಾಣಲಿಲ್ಲ. ಗೇಟು ಮತ್ತೆಂದೂ ತೆಗೆಯಲಿಲ್ಲ. ದೊಡ್ಡವರು ಹೇಳುತ್ತಾರೆ, ಹೇಗಿದ್ದರೂ ತೆಗೆಯುತ್ತಿರಲಿಲ್ಲ, ನೀನು ಹೇಳಿದ್ದೇ ಒಳ್ಳೆಯದಾಯಿತು ಅಂತ. ಇರಬಹುದು. ನಾನು ಒಳ್ಳೆಯದಕ್ಕೆಂದು ಹೇಳಿದ್ದಲ್ಲವಲ್ಲ.

ಈ ವರ್ಷ ಕಾಲು ಉಳುಕಿ ಮನೆಯಲ್ಲಿ ಬಿದ್ದಿದ್ದಾಗ ಆ ಎರಡೂ ಧಾರಾವಾಹಿಗಳು ಫೋನಿನಲ್ಲಿ ಸಿಕ್ಕವು. ಶುರುವಿನಿಂದ ಕೊನೆಯವರೆಗೆ ಒಂದೊಂದಾಗಿ ನೋಡಿದೆ. ಕಂದೀಲು ಈಗ ನಗೆ ತರಿಸುತ್ತದೆ, ದೆವ್ವದ ಅಂಗಿಯ ಹೊಲಿಗೆ ಕಾಣುತ್ತದೆ. ಕುರ್ಚಿ ಮಾತ್ರ ಇವತ್ತಿಗೂ ಬೆನ್ನಿಗೆ ತಣ್ಣೀರು ಸುರಿಯುತ್ತದೆ. ಜಗಳದಲ್ಲಿ ಸುಮಳೇ ಗೆದ್ದಳು. ಇನ್ನೊಂದೂ ತಿಳಿಯಿತು. ಆ ಬೇಸಿಗೆಯ ಮೊದಲ ಮೂರು ವಾರದ ಕೊನೆಗಳು ಅವಳು ಹೇಳಿದ ಹಾಗೆಯೇ ಇವೆ. ನಾಲ್ಕನೇ ವಾರದಿಂದ ಬೇರೆ. ಅಂದರೆ ಲೈನು ಕಿತ್ತದ್ದು ಆ ವಾರ. ಆ ಭಾನುವಾರವೂ ಅವಳು ಮಂಡಕ್ಕಿ ತಟ್ಟೆಯ ಎದುರು ಎಂದಿನಂತೆ ನಗುತ್ತಾ ಕೂತಿದ್ದಳು. ಬಾವಿಯ ಕಥೆಯಲ್ಲಿ ನಿಜವಾಗಿ ಇದ್ದದ್ದು ಒಬ್ಬ ಕಳ್ಳ. ಮನೆಗಳು ಮಾಯವಾಗುವ ಕಥೆಯಲ್ಲಿ, ಕುರ್ಚಿಯ ಬೇರೆ ಕಥೆಗಳ ಹಾಗಲ್ಲದೆ, ಕೊನೆಗೆ ಅದೆಲ್ಲ ಯಾವುದೋ ಯಂತ್ರದ ಆಟವೆಂದು ಬಿಳಿ ಕೋಟಿನವನೊಬ್ಬ ಬಂದು ವಿವರಿಸುತ್ತಾನೆ. ಇಷ್ಟೇನಾ ಅನ್ನಿಸಿತು. ಸುಮಳ ‘ಆಮೇಲೆ’ ಏನಿತ್ತೋ ನನಗೆ ಗೊತ್ತಿಲ್ಲ, ಆ ಸಂಜೆಯ ಮೇಲೆ ಅವಳು ನನಗೆ ಕಥೆ ಹೇಳಲಿಲ್ಲ. ಎಲ್ಲ ಕೊನೆಗಳೂ ಈಗ ಕೈಯಲ್ಲಿವೆ, ನನಗೆ ಬೇಕಾದದ್ದು ಅವುಗಳಲ್ಲಿಲ್ಲ.

ಸುಮ ಈಗ ಹರಿಹರದಲ್ಲೇ ಶಾಲೆಯೊಂದರಲ್ಲಿ ಟೀಚರು. ಹೋದ ತಿಂಗಳು ಅವಳ ಮನೆಗೆ ಹೋದೆ. ಬಾಗಿಲು ತೆಗೆದೇ ಇತ್ತು. ಒಳಗೆ ಮಗಳಿಗೆ ಏನೋ ಹೇಳುತ್ತಿದ್ದಳು. ಯಾವುದೋ ಸ್ಟಾಪಿನಲ್ಲಿ ದಿನಾ ಬಸ್ಸು ನಿಲ್ಲುತ್ತದಂತೆ, ಅಲ್ಲಿ ಯಾರೂ ಇರುವುದಿಲ್ಲ. ಆದರೂ ಕಂಡಕ್ಟರ್ ಬಾಗಿಲು ತೆಗೆದು, ‘ಹತ್ರಿ ಹತ್ರಿ, ಮುಂದೆ ಹೋಗ್ರಿ’ ಎಂದು ಯಾರಿಗೋ ಜಾಗ ಬಿಡಿಸುತ್ತಾನೆ. ಅದೇ ದನಿ, ಅದೇ ನಿಧಾನ. ನಾನು ಚಪ್ಪಲಿ ಬಿಡುವುದನ್ನೂ ಮರೆತು ನಿಂತೆ.

“ಯಾರು ಹತ್ತಿದ್ರು ಮಮ್ಮಿ? ಆಮೇಲೆ?” ಎಂದಿತು ಹುಡುಗಿ.

ಸುಮ ತಲೆಯೆತ್ತಿ ನನ್ನನ್ನು ಕಂಡಳು. ಮುಖ ಅರಳಿತು, ಆ ಸಂತೋಷದಲ್ಲಿ ಸುಳ್ಳಿರಲಿಲ್ಲ. “ಅಯ್ಯೋ ಗಿರಿಜಕ್ಕ, ಬಾ ಬಾ, ಕೂಡು.”

“ನೀ ಹೇಳೇ ಮೊದ್ಲು. ನಾನೂ ಕೇಳ್ತೀನಿ” ಎಂದೆ.

“ಏನಿಲ್ಲ ಬಿಡಕ್ಕ, ಸುಮ್ನೆ ಹುಡುಗಿಗೆ ಏನೋ ಒಂದು” ಎಂದು ಚಾ ಇಡಲು ಎದ್ದು ಹೋದಳು.

ಹುಡುಗಿ ನನ್ನನ್ನು ದುರುಗುಟ್ಟಿ ನೋಡಿತು. ಚಾ ಕುಡಿದೆವು, ಊರಿನ ಸುದ್ದಿ, ಶಾಲೆಯ ಸುದ್ದಿ, ನನ್ನ ಕಾಲಿನ ಸುದ್ದಿ ಎಲ್ಲ ಆಯಿತು. ಹೊರಟು ಗೇಟು ಮುಚ್ಚಿ ನಾಲ್ಕು ಹೆಜ್ಜೆ ಇಟ್ಟಿದ್ದೆ, ಒಳಗೆ ಕಥೆ ಹೇಳುವ ಸುಮಳ ದನಿ ಮತ್ತೆ ಶುರುವಾಯಿತು. ನಿಂತು ಕಿವಿಗೊಟ್ಟೆ, ಮಾತು ತಿಳಿಯಲಿಲ್ಲ.